ಪುರಸಭೆಯಲ್ಲಿ ಶಿಶಿಕ್ಷು: ಟಪಾಲಿನಿಂದ ಟಿಪ್ಪಣಿಯವರೆಗೆ

ಬಿ.ಕಾಂ. ಮುಗಿಸಿ ಪುರಸಭೆಯ ಆಡಳಿತ ಶಾಖೆಗೆ ಒಂದು ವರ್ಷದ ಶಿಶಿಕ್ಷು (ಅಪ್ರೆಂಟಿಸ್) ತರಬೇತಿಗೆ ಸೇರಿದ್ದೇನೆ ಎಂದಾಗ ಬಂಧುಗಳೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಮುಂದೆ ಪರ್ಮನೆಂಟ್ ಮಾಡ್ತಾರಾ?" ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ತರಬೇತಿಯ ಬಗ್ಗೆ ವಿಚಾರಿಸುವವರಲ್ಲಿ ಹೆಚ್ಚಿನವರು ಹಿಂಬಾಗಿಲಿನ ನೇಮಕಾತಿಯೊಂದು ಇಲ್ಲಿ ಅಡಗಿರಬಹುದೆಂಬ ಆಸೆಯಿಂದಲೇ ವಿಚಾರಿಸುತ್ತಾರೆ. 1961ರ ಶಿಶಿಕ್ಷು ಅಧಿನಿಯಮದ ಪ್ರಕಾರ ಶಿಶಿಕ್ಷುವೆಂದರೆ ಕಲಿಯಲು ಬಂದವರೇ ಹೊರತು ನೌಕರರಲ್ಲ. ತರಬೇತಿ ಮುಗಿಸಿದವರ ನೇಮಕಾತಿಯ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೇ ನೀತಿಯನ್ನು ರೂಪಿಸಿಕೊಳ್ಳಬೇಕೆಂದು 2014ರ ತಿದ್ದುಪಡಿ ಹೇಳುತ್ತದೆಯಾದರೂ, ಪುರಸಭೆಯ ದ್ವಿತೀಯ ದರ್ಜೆ ಅಥವಾ ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ಸ್ಪರ್ಧಾತ್ಮಕ ಪರೀಕ್ಷೆಯನ್ನು ಬರೆದೇ ಬರಬೇಕು. ನಾನೂ ಆ ಪರೀಕ್ಷೆಗೆ ಓದುತ್ತಿದ್ದೇನೆ, ಓದುತ್ತಲೇ ಇಲ್ಲಿಗೆ ಬಂದಿದ್ದೇನೆ.

ಹಣದ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. 2019ರ ನಿಯಮ ತಿದ್ದುಪಡಿಯಲ್ಲಿ ಪದವೀಧರ ಶಿಶಿಕ್ಷುಗಳಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 8,000 ರೂಪಾಯಿ ಶಿಷ್ಯವೇತನವೆಂದು ನಿಗದಿಯಾಯಿತು. ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯಡಿ ಬಂದವರಿಗೆ ಈ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಬಾಡಿಗೆ ಕೊಟ್ಟು ಬೇರೆ ಊರಿನಲ್ಲಿ ಉಳಿಯಬೇಕಾದವರಿಗೆ ಈ ಮೊತ್ತ ಸಾಲುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮನೆಯಿಂದ ಓಡಾಡಬಹುದಾದ ದೂರದಲ್ಲಿ ಅವಕಾಶ ಸಿಕ್ಕರೆ ಮಾತ್ರ ಇದು ನಡೆಯುವ ಮಾತು.

ಪುರಸಭೆಯ ಸ್ಥಾನ ಎಲ್ಲಿದೆ ಎಂಬುದು ಪರೀಕ್ಷೆಗೆ ಓದುವವರಿಗೆ ಬಾಯಿಪಾಠವಾಗಿರುತ್ತದೆ: 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ, ಹತ್ತರಿಂದ ಇಪ್ಪತ್ತು ಸಾವಿರ ಜನಸಂಖ್ಯೆಗೆ ಪಟ್ಟಣ ಪಂಚಾಯಿತಿ, ಐವತ್ತು ಸಾವಿರದವರೆಗೆ ಪುರಸಭೆ, ಮೂರು ಲಕ್ಷದವರೆಗೆ ನಗರಸಭೆ, ಅದರಾಚೆಗೆ 1976ರ ಅಧಿನಿಯಮದಡಿ ಬರುವ ಮಹಾನಗರ ಪಾಲಿಕೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು, ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಇಷ್ಟನ್ನು ಓದಿಕೊಂಡು ಕಚೇರಿಯೊಳಗೆ ಕಾಲಿಟ್ಟ ಮೇಲೆ ತಿಳಿಯುವುದೇನೆಂದರೆ, ಆ 18 ವಿಷಯಗಳೆಲ್ಲವೂ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಒಂದೇ ಮೇಜಿನ ಮೇಲೆ ಒಟ್ಟಾಗಿ ಬಂದು ಬೀಳುತ್ತವೆ. ಆ ಮೇಜನ್ನು ಟಪಾಲು ಶಾಖೆ, ಅಂದರೆ ಕಚೇರಿಗೆ ಬರುವ ಕಾಗದಗಳನ್ನು ಸ್ವೀಕರಿಸುವ ಶಾಖೆ, ಎನ್ನುತ್ತಾರೆ. ಹೊಸಬರನ್ನು ಮೊದಲು ಕೂರಿಸುವುದು ಅಲ್ಲಿಯೇ.

ಸೇರಿದ ಹೊಸದರಲ್ಲಿ ಈ ಕೆಲಸವನ್ನು ಅವಮಾನವೆಂದು ಭಾವಿಸುವವರಿದ್ದಾರೆ. ಪದವಿ ಪಡೆದು ಬಂದವರು ಬಂದ ಕಾಗದಕ್ಕೆ ಮುದ್ರೆ ಒತ್ತಿ, ಆವಕ ವಹಿಯಲ್ಲಿ ಕ್ರಮಸಂಖ್ಯೆ ಬರೆದು, ಸಂಬಂಧಪಟ್ಟ ಶಾಖೆಗೆ ಕಳುಹಿಸುವುದಷ್ಟೇ ಕೆಲಸವೆಂದರೆ ಬೇಸರವಾಗುವುದು ಸಹಜ. ಆದರೆ ಊರಿನ ಆಡಳಿತವನ್ನು ಅದರ ಸಂಪೂರ್ಣ ಹರವಿನಲ್ಲಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಆ ಕಟ್ಟಡದಲ್ಲಿಯೇ ಇಲ್ಲ ಎಂದು ನನಗೆ ಅನ್ನಿಸಿದೆ. ನಲ್ಲಿಯಲ್ಲಿ ನೀರು ಬಾರದ ದೂರು, ಜಿಲ್ಲಾಧಿಕಾರಿಗಳ ಕಚೇರಿಯಿಂದ ಬಂದ ಜ್ಞಾಪನ, ಪೌರಾಡಳಿತ ನಿರ್ದೇಶನಾಲಯದ ಸುತ್ತೋಲೆ, ನ್ಯಾಯಾಲಯದ ನೋಟಿಸು, ಆಸ್ತಿಯ ಖಾತೆ ಬದಲಾವಣೆಯ ಅರ್ಜಿ, ಬೀದಿದೀಪ ಕೆಟ್ಟಿದೆ ಎಂದು ಸದಸ್ಯರೊಬ್ಬರು ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದ ಪತ್ರ, ಮಾಹಿತಿ ಹಕ್ಕು ಅರ್ಜಿ, ಇವೆಲ್ಲವೂ ಒಂದೇ ಗಂಟೆಯೊಳಗೆ ಕೈಗೆ ಬರುತ್ತವೆ. ಪ್ರತಿಯೊಂದನ್ನೂ ಓದಿ, ಇದು ಕಂದಾಯ ಶಾಖೆಯದೋ, ಆರೋಗ್ಯ ಶಾಖೆಯದೋ, ಅಭಿಯಂತರರದೋ ಎಂದು ಅಲ್ಲಿಯೇ ತೀರ್ಮಾನಿಸಬೇಕು. ಚರಂಡಿ ಒಡೆದು ಕೊಳಚೆ ನೀರು ಮನೆಯ ಮುಂದೆ ನಿಂತಿದೆ ಎಂಬ ದೂರು ಆರೋಗ್ಯ ನಿರೀಕ್ಷಕರಿಗೂ ಸೇರುತ್ತದೆ, ಅಭಿಯಂತರರಿಗೂ ಸೇರುತ್ತದೆ. ಒಬ್ಬರಿಗೆ ಮಾತ್ರ ಕಳುಹಿಸಿದರೆ ಅವರು ಅದು ತಮ್ಮದಲ್ಲವೆಂದು ವಾಪಸು ಕಳುಹಿಸುವ ಸಾಧ್ಯತೆಯೇ ಹೆಚ್ಚು, ಆ ಓಡಾಟದಲ್ಲಿ ಒಂದು ವಾರ ಕಳೆಯುತ್ತದೆ. ಪ್ರತಿಯನ್ನು ಇಬ್ಬರಿಗೂ ಕೊಟ್ಟು, ಮುಂದಿನ ಕ್ರಮ ಯಾರದು ಎಂಬುದನ್ನು ಷರಾದಲ್ಲಿ ನಮೂದಿಸಿಬಿಡಬೇಕೆಂದು ನಮ್ಮ ಶಾಖೆಯ ಪ್ರಥಮ ದರ್ಜೆ ಸಹಾಯಕಿ ಮೇಡಂ ಕಲಿಸಿದರು.

ಕೆಲವು ಕಾಗದಗಳಿಗೆ ಹುಟ್ಟಿನಿಂದಲೇ ಗಡಿಯಾರ ಕಟ್ಟಿರುತ್ತದೆ. ಮಾಹಿತಿ ಹಕ್ಕು ಅರ್ಜಿಗೆ 30 ದಿನಗಳಲ್ಲಿ ಉತ್ತರ ಹೋಗಬೇಕು. ಕರ್ನಾಟಕದ ನಿಯಮದಂತೆ ಆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳನ್ನು ಮೀರದೆ, 10 ರೂಪಾಯಿ ಶುಲ್ಕದೊಡನೆ ಬಂದಿರಬೇಕು. ನಿಗದಿತ ದಿನಗಳೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ಸಕಾಲ ಅಧಿನಿಯಮದ ವ್ಯಾಪ್ತಿಯ ಸೇವೆಗಳಿಗೆ ಅರ್ಜಿದಾರರಿಗೆ 15 ಅಂಕಿಗಳ ಸಂಖ್ಯೆಯೊಂದು ಸಿಗುತ್ತದೆ, ನಿಗದಿತ ದಿನ ದಾಟಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕೂ ಸಿಗುತ್ತದೆ, ಮತ್ತು ಆ ಹಣವನ್ನು ವಿಳಂಬಕ್ಕೆ ಕಾರಣರಾದ ಅಧಿಕಾರಿಯಿಂದಲೇ ವಸೂಲು ಮಾಡಬಹುದು. 2011ರ ಈ ಅಧಿನಿಯಮ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಯಾಯಿತು. ಮೊತ್ತ ಚಿಕ್ಕದೆಂದು ನಗುವವರುಂಟು. ಆದರೆ ಬಾಕಿ ಪಟ್ಟಿಯಲ್ಲಿ ತಮ್ಮ ಹೆಸರು ಕಾಣಿಸುವುದನ್ನು ಯಾವ ಅಧಿಕಾರಿಯೂ ಇಷ್ಟಪಡುವುದಿಲ್ಲವೆಂಬುದು ಮಾಸಿಕ ಪ್ರಗತಿ ಪರಿಶೀಲನಾ ಸಭೆಯ ಹಿಂದಿನ ದಿನ ಕಚೇರಿಯಲ್ಲಿ ಕಾಣುವ ಚುರುಕಿನಿಂದಲೇ ಗೊತ್ತಾಗುತ್ತದೆ.

ಟಪಾಲಿನ ನಂತರ ಕಡತ. ಪುಸ್ತಕದಲ್ಲಿ ಓದಿದ್ದಕ್ಕೂ ಕಚೇರಿಯಲ್ಲಿ ನಡೆಯುವುದಕ್ಕೂ ಇರುವ ಅಂತರ ಅತ್ಯಂತ ದೊಡ್ಡದಾಗಿ ಕಾಣಿಸುವುದು ಇಲ್ಲಿಯೇ. ಕಡತಕ್ಕೆ ಎರಡು ಭಾಗಗಳಿರುತ್ತವೆ: ಒಂದರಲ್ಲಿ ಟಿಪ್ಪಣಿ ಹಾಳೆಗಳು, ಇನ್ನೊಂದರಲ್ಲಿ ಪತ್ರ ವ್ಯವಹಾರ. ಹೊರಗಿನಿಂದ ಬಂದ ಅರ್ಜಿ, ದಾಖಲೆ, ನಾವು ಕಳುಹಿಸಿದ ಪತ್ರಗಳ ಕಚೇರಿ ಪ್ರತಿಗಳೆಲ್ಲ ಪತ್ರ ವ್ಯವಹಾರ ಭಾಗಕ್ಕೆ ಸೇರುತ್ತವೆ, ಪ್ರತಿ ಹಾಳೆಗೂ ಪುಟಸಂಖ್ಯೆ ಬೀಳುತ್ತದೆ. ಟಿಪ್ಪಣಿ ಭಾಗವೆಂದರೆ ಕಚೇರಿಯವರು ತಮ್ಮ ತಮ್ಮೊಳಗೆ ಬರಹದಲ್ಲಿ ನಡೆಸುವ ಚರ್ಚೆ. ವಿಷಯ ನಿರ್ವಾಹಕರು, ಅಂದರೆ ಆ ಕಡತವನ್ನು ನೋಡಿಕೊಳ್ಳುವ ನೌಕರರು, ಪ್ರಸ್ತಾವನೆ ಬರೆಯುತ್ತಾರೆ, ವ್ಯವಸ್ಥಾಪಕರು ಅಥವಾ ಕಂದಾಯ ಅಧಿಕಾರಿಗಳು ಅದಕ್ಕೆ ತಮ್ಮ ಅಭಿಪ್ರಾಯ ಸೇರಿಸುತ್ತಾರೆ, ಮುಖ್ಯಾಧಿಕಾರಿಗಳು ಆದೇಶಿಸುತ್ತಾರೆ. "ಆದೇಶಕ್ಕಾಗಿ ಮಂಡಿಸಿದೆ" ಎಂಬ ಸಾಲಿನ ಕೆಳಗೆ ಸಹಿ ಬಿದ್ದ ಮೇಲೆ ಆ ಬರಹ ಬರೆದವರ ಕೈ ತಪ್ಪಿ ಹೋಗುತ್ತದೆ. ವರ್ಗಾವಣೆಯಾಗಲಿ, ನಿವೃತ್ತಿಯಾಗಲಿ, ಅವರು ಅಂದು ಏನನ್ನು ನೋಡಿ ಏನನ್ನು ಶಿಫಾರಸು ಮಾಡಿದರೆಂಬುದು ಅಲ್ಲಿ ಉಳಿದಿರುತ್ತದೆ.

ಸರ್ಕಾರಿ ಕಚೇರಿಯ ವಿಳಂಬಕ್ಕೆ ಕಡತವೇ ಕಾರಣವೆಂಬುದು ಹೊರಗಿನವರ ಸಾಮಾನ್ಯ ನಂಬಿಕೆ, ನನ್ನದೂ ಅದೇ ಆಗಿತ್ತು. ಒಳಗೆ ಕುಳಿತು ನೋಡಿದ ಮೇಲೆ ನನ್ನ ಅಭಿಪ್ರಾಯ ಬೇರೆಯಾಗಿದೆ: ವಿಳಂಬ ಹುಟ್ಟುವುದು ಕೆಟ್ಟ ಟಿಪ್ಪಣಿಯಿಂದ. ಪೌತಿ ಖಾತೆಯ ಅರ್ಜಿಯನ್ನೇ ತೆಗೆದುಕೊಳ್ಳಿ. ಮನೆಯ ಯಜಮಾನರು ತೀರಿಕೊಂಡಿದ್ದಾರೆ, ಪತ್ನಿ ತಮ್ಮ ಹೆಸರಿಗೆ ಖಾತೆ ಮಾಡಿಕೊಡುವಂತೆ ಕೇಳಿದ್ದಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ, ತೆರಿಗೆ ಪಾವತಿಯ ರಸೀದಿ ಇವೆಲ್ಲವೂ ಕಡತದಲ್ಲಿವೆ. ವಿಷಯ ನಿರ್ವಾಹಕರು "ದಾಖಲೆಗಳನ್ನು ಪರಿಶೀಲಿಸಲಾಗಿ ಕ್ರಮಬದ್ಧವಾಗಿರುತ್ತವೆ" ಎಂಬ ಒಂದು ಸಾಲನ್ನು ಬರೆದು ಕಳುಹಿಸಿದರೆ, ಮೇಲಿನ ಅಧಿಕಾರಿ ಎಲ್ಲ ಕಾಗದಗಳನ್ನೂ ಮತ್ತೆ ಓದಬೇಕಾಗುತ್ತದೆ, ಇಲ್ಲವೇ ಓದದೆ ಸಹಿ ಮಾಡಬೇಕಾಗುತ್ತದೆ. ಎಚ್ಚರದ ಅಧಿಕಾರಿಗಳು ಎರಡನ್ನೂ ಮಾಡದೆ "ಚರ್ಚಿಸಿ" ಎಂದು ಬರೆದು ವಾಪಸು ಕಳುಹಿಸುತ್ತಾರೆ. ಅದೇ ಟಿಪ್ಪಣಿಯಲ್ಲಿ ಮರಣ ಪ್ರಮಾಣಪತ್ರ ಯಾವ ಪುಟದಲ್ಲಿದೆ, ವಂಶವೃಕ್ಷದಲ್ಲಿ ಎಷ್ಟು ಜನರ ಹೆಸರಿದೆ, ಅವರಲ್ಲಿ ಯಾರ ಒಪ್ಪಿಗೆ ಪತ್ರ ಬಂದಿದೆ, ಬಾರದಿರುವುದು ಯಾರದು, ತೆರಿಗೆ ಯಾವ ಸಾಲಿನವರೆಗೆ ಪಾವತಿಯಾಗಿದೆ, ಕಂದಾಯ ನಿರೀಕ್ಷಕರು ಸ್ಥಳ ತನಿಖೆ ನಡೆಸಿದ ದಿನ ಯಾವುದು ಎಂಬುದನ್ನೆಲ್ಲ ಬರೆದಿದ್ದರೆ ಆದೇಶ ಅದೇ ದಿನ ಆಗುತ್ತದೆ. ಕೊರತೆಯಿದ್ದರೂ ಅಡ್ಡಿಯಿಲ್ಲ, ಯಾವ ಕಾಗದ ಬೇಕೆಂಬುದನ್ನು ಸ್ಪಷ್ಟವಾಗಿ ತಿಳಿಸಿ ಅರ್ಜಿದಾರರಿಗೆ ಹಿಂಬರಹ ಕೊಡಬಹುದು.

ಆದ್ದರಿಂದ ಶಿಶಿಕ್ಷುಗಳಿಗೆ ನಾನು ಹೇಳುವುದಿಷ್ಟೇ: ಡೇಟಾ ಎಂಟ್ರಿಗೆ ಕೂರಿಸಿದರೆ ಕೂರಿ, ಆದರೆ ಜೊತೆಯಲ್ಲಿಯೇ ವಿಲೇವಾರಿಯಾದ ಹಳೆಯ ಕಡತಗಳನ್ನು ಓದಲು ಅನುಮತಿ ಕೇಳಿ. ನಮ್ಮ ವ್ಯವಸ್ಥಾಪಕರು ಈ ಕೋರಿಕೆಗೆ ಆಶ್ಚರ್ಯಪಟ್ಟರೂ ಒಪ್ಪಿದರು. ಹಳೆಯ ನೌಕರರ ಕೈಬರಹದ ಟಿಪ್ಪಣಿಗಳು ಇಂದಿನ ಬೆರಳಚ್ಚಿನ ಟಿಪ್ಪಣಿಗಳಿಗಿಂತ ಎಷ್ಟೋ ಚೆನ್ನಾಗಿವೆ. ಕೈಯಿಂದ ಬರೆಯುವಾಗ ಪ್ರತಿ ಸಾಲನ್ನೂ ಯೋಚಿಸಬೇಕಿತ್ತು. ಈಗ ಹಿಂದಿನ ಕಡತದ ಟಿಪ್ಪಣಿಯನ್ನು ನಕಲಿಸಿ ಹೆಸರು ಬದಲಾಯಿಸುವುದು ಸುಲಭ, ಹೆಸರನ್ನು ಬದಲಾಯಿಸುವುದು ಮರೆತುಹೋಗುವುದೂ ಅಷ್ಟೇ ಸುಲಭ. ಒಂದು ಕಡತದಲ್ಲಿ ನಿವೇಶನದ ಚಕ್ಕುಬಂದಿಯ (ನಾಲ್ಕು ದಿಕ್ಕಿನ ಎಲ್ಲೆಯ) ವಿವಾದವನ್ನು ಒಬ್ಬ ಗುಮಾಸ್ತರು ಮೂರು ಪ್ಯಾರಾಗಳಲ್ಲಿ ಬಿಡಿಸಿಟ್ಟಿದ್ದ ರೀತಿಯನ್ನು ಕಂಡು, ಅವರು ಯಾರೆಂದು ವಿಚಾರಿಸಬೇಕೆನ್ನಿಸಿತು. ಕಚೇರಿಯಲ್ಲಿ ಯಾರಿಗೂ ಅವರ ನೆನಪಿರಲಿಲ್ಲ, ಸಹಿಯೂ ಓದಲು ಬರುವಂತಿರಲಿಲ್ಲ.

ಗಣಕಯಂತ್ರದ ಸಂಗತಿಯೂ ಇಲ್ಲಿಗೆ ಸೇರುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಟೈಪು ಮಾಡಿಟ್ಟ ಆದೇಶಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳು ಹಾಳಾದ ಕಡೆ ಕೈಯಿಂದ ತಿದ್ದುವ ಕೆಲಸವನ್ನು ಶಿಶಿಕ್ಷುಗಳಿಗೆ ಧಾರಾಳವಾಗಿ ವಹಿಸುತ್ತಾರೆ. ಬೇಸರದ ಕೆಲಸ, ಆದರೂ ಮಾಡಿ; ತಿದ್ದುವ ನೆಪದಲ್ಲಿ ಆದೇಶಗಳನ್ನು ಅಕ್ಷರ ಬಿಡದೆ ಓದಿದಂತಾಗುತ್ತದೆ.

ಜನನ ಮರಣ ನೋಂದಣಿಯ ಕೌಂಟರಿನಲ್ಲಿ ಕುಳಿತ ದಿನಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ಶಿಶಿಕ್ಷುವಿಗೆ ಜನರ ಮುಖ ಕಾಣುವುದು ಅಲ್ಲಿಯೇ. 1969ರ ಅಧಿನಿಯಮದಂತೆ ಜನನವಾಗಲಿ ಮರಣವಾಗಲಿ 21 ದಿನಗಳೊಳಗೆ ವರದಿಯಾಗಬೇಕು. ಅದನ್ನು ಮೀರಿ 30 ದಿನಗಳವರೆಗೆ ವಿಳಂಬ ಶುಲ್ಕ, ಆಮೇಲೆ ಒಂದು ವರ್ಷದವರೆಗೆ ನಿಗದಿತ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ವಿಷಯದಲ್ಲಿ ತೊಂದರೆ ಕಡಿಮೆ, ಆಸ್ಪತ್ರೆಯೇ ವರದಿ ಮಾಡುತ್ತದೆ. ಮನೆಯಲ್ಲಿ ತೀರಿಕೊಂಡ ಹಿರಿಯರ ವಿಷಯದಲ್ಲಿ ಹಾಗಲ್ಲ; ಮನೆಯವರು ದುಃಖದಲ್ಲಿದ್ದು ದಿನಗಳನ್ನು ಎಣಿಸಿರುವುದಿಲ್ಲ, ಬ್ಯಾಂಕಿನವರೋ ವಿಮೆಯವರೋ ಕೇಳಿದಾಗಲೇ ಪ್ರಮಾಣಪತ್ರದ ನೆನಪಾಗುವುದು. ವೃದ್ಧೆಯೊಬ್ಬರು ಗಂಡನ ಮರಣ ಪ್ರಮಾಣಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದೆಯೆಂದು ಬಂದು, "ಇದನ್ನ ಒಂಚೂರು ಅಳಿಸಿ ಬರ್ಕೊಡವ್ವಾ" ಎಂದು ಕೇಳಿದರು. ಅಳಿಸುವಂತಿಲ್ಲ. ಅಧಿನಿಯಮದ 15ನೆಯ ಪ್ರಕರಣದಂತೆ ಮೂಲ ನಮೂದನ್ನು ಹಾಗೆಯೇ ಉಳಿಸಿ, ಅಂಚಿನಲ್ಲಿ ಸರಿಯಾದುದನ್ನು ಬರೆದು, ನೋಂದಣಾಧಿಕಾರಿ ದಿನಾಂಕದೊಡನೆ ಸಹಿ ಮಾಡಬೇಕು. ಮೇಡಂ ಅದನ್ನು ವಿವರಿಸಿದ ಬಗೆ ನನಗೆ ಇಷ್ಟವಾಯಿತು: "ಅಜ್ಜಿ, ನಾವು ಅಳಿಸೋಕೆ ಶುರು ಮಾಡಿದ್ರೆ ನಾಳೆ ಇನ್ಯಾರೋ ಬಂದು ನಿಮ್ಮ ಯಜಮಾನ್ರ ಹೆಸರನ್ನೇ ಅಳಿಸಿ ಅಂತಾರೆ. ಪಕ್ಕದಲ್ಲಿ ಬರೀತೀವಿ, ಅದಕ್ಕೆ ಈ ಎರಡು ಕಾಗದ ತನ್ನಿ." ಅಜ್ಜಿಗೆ ಅರ್ಥವಾಯಿತು, ಮುಂದಿನ ವಾರ ಕಾಗದ ತಂದರು. ನಿಯಮವನ್ನು ಹೇಳಿ ಕಳುಹಿಸುವುದಕ್ಕೂ ನಿಯಮದ ಕಾರಣವನ್ನು ಹೇಳಿ ಕಳುಹಿಸುವುದಕ್ಕೂ ಅರ್ಧ ನಿಮಿಷದ ವ್ಯತ್ಯಾಸ ಮಾತ್ರ, ಆದರೂ ಎಷ್ಟೋ ಕೌಂಟರುಗಳಲ್ಲಿ ಆ ಅರ್ಧ ನಿಮಿಷ ಸಿಗುವುದಿಲ್ಲ.

ಆಸ್ತಿ ತೆರಿಗೆಯ ವಿಷಯ ಏಪ್ರಿಲ್ ತಿಂಗಳ ಗದ್ದಲ. ಆ ತಿಂಗಳು ಪಾವತಿಸಿದವರಿಗೆ ಶೇ. 5ರ ರಿಯಾಯಿತಿ, ಜೂನ್ ಕಳೆದ ಮೇಲೆ ತಿಂಗಳಿಗೆ ಶೇ. 2ರ ದಂಡ. ತೆರಿಗೆಯೊಡನೆ ಶೇ. 6ರ ಗ್ರಂಥಾಲಯ ಕರ, ಶೇ. 3ರ ಭಿಕ್ಷುಕರ ಕರ ಇತ್ಯಾದಿಗಳನ್ನು ಪುರಸಭೆ ವಸೂಲು ಮಾಡುತ್ತದೆಯಾದರೂ ಆ ಹಣ ಪುರಸಭೆಯದಲ್ಲ, ಆಯಾ ಇಲಾಖೆಗೆ ಜಮೆಯಾಗಬೇಕಾದದ್ದು. ಚಲನ್ ನೋಡಿ "ಇಷ್ಟೊಂದು ಯಾಕೆ?" ಎಂದು ಕೇಳುವವರಿಗೆ ಇದನ್ನು ವಿವರಿಸಲು ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತದೆ.

ಸಾಮಾನ್ಯ ಸಭೆಯ ತಯಾರಿಯಲ್ಲಿ ಶಿಶಿಕ್ಷುವಿಗೆ ಸಿಗುವುದು ಕಾರ್ಯಸೂಚಿಯ ಪ್ರತಿಗಳನ್ನು ಜೋಡಿಸುವ ಕೆಲಸ, ಸಭೆಯ ದಿನ ಹಿಂದಿನ ಸಾಲಿನಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ಅವಕಾಶ. ಸಭೆಯಲ್ಲಿ ಗಂಟೆಗಟ್ಟಲೆ ನಡೆದ ವಾಗ್ವಾದ ನಡಾವಳಿಯಲ್ಲಿ "ಸದರಿ ವಿಷಯದ ಬಗ್ಗೆ ದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು" ಎಂಬ ಒಂದು ವಾಕ್ಯಕ್ಕೆ ಇಳಿಯುವುದನ್ನು ಕಂಡು ಮೊದಲು ನಗು ಬಂದಿತ್ತು. ಆಮೇಲೆ ಇದು ನಗುವ ಸಂಗತಿಯಲ್ಲವೆಂದು ತಿಳಿಯಿತು. ಯಾರು ವಿರೋಧಿಸಿದರು, ಯಾವ ಷರತ್ತಿನ ಮೇಲೆ ಒಪ್ಪಿದರು ಎಂಬುದು ದಾಖಲಾಗದಿದ್ದರೆ, ಮುಂದಿನ ಸಭೆಯಲ್ಲಿ ಅದೇ ವಿಷಯಕ್ಕೆ ಅದೇ ವಾಗ್ವಾದ ಹೊಸದಾಗಿ ಆರಂಭವಾಗುತ್ತದೆ. ಮೇಡಂ ಬರೆಯುವ ನಡಾವಳಿಯಲ್ಲಿ ವಿರೋಧಿಸಿದ ಸದಸ್ಯರ ಹೆಸರೂ ಕಾರಣವೂ ಇರುತ್ತವೆ; ಸದಸ್ಯರಿಗೂ ಅದು ಸಮಾಧಾನ ತರುತ್ತದೆಂಬುದನ್ನು ನಾನು ಕಂಡಿದ್ದೇನೆ.

ಕ್ರಿಯಾಯೋಜನೆಯ ಕಡತಗಳಲ್ಲಿ ಮತ್ತೆ ಮತ್ತೆ ಕಾಣುವ ಮೂರು ಅಂಕಿಗಳಿವೆ: ಶೇ. 24.10, ಶೇ. 7.25 ಮತ್ತು ಶೇ. 5. ಮೊದಲನೆಯದು ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಲ್ಯಾಣಕ್ಕೆ, ಎರಡನೆಯದು ಇತರ ಬಡವರ್ಗದವರಿಗೆ, ಮೂರನೆಯದು ಅಂಗವಿಕಲರಿಗೆ ಪುರಸಭೆಯ ಹಣದಲ್ಲಿ ಮೀಸಲಿಡಬೇಕಾದ ಪಾಲು. ಪರೀಕ್ಷೆಗಾಗಿ ಇವುಗಳನ್ನು ಕಂಠಪಾಠ ಮಾಡಿದ್ದೆ. ಫಲಾನುಭವಿಗಳ ಆಯ್ಕೆಪಟ್ಟಿ ಸಿದ್ಧವಾಗದೆ ಆ ಪಾಲು ಖರ್ಚಾಗದೆ ಮಾರ್ಚ್ ತಿಂಗಳು ಹತ್ತಿರವಾಗುವಾಗ ಸಮುದಾಯ ಸಂಘಟಕರು ವಾರ್ಡುಗಳಲ್ಲಿ ಅಲೆದು ಅರ್ಜಿ ತುಂಬಿಸುವುದನ್ನು ನೋಡಿದ ಮೇಲೆ, ಅಂಕಿಗಿಂತ ಅರ್ಜಿಯ ನಮೂನೆ ಎಷ್ಟು ಸರಳವಾಗಿದೆ ಎಂಬುದೇ ಮುಖ್ಯವೆಂದು ನನಗೆ ತೋರಿದೆ.

ಇನ್ನೊಂದು ಮಾತನ್ನು ಮುಲಾಜಿಲ್ಲದೆ ಹೇಳಬೇಕಾಗಿದೆ. ಕೆಲಸದ ಒತ್ತಡವಿರುವ ಕಚೇರಿಗಳಲ್ಲಿ ಅಧಿಕಾರಿಗಳ ಲಾಗಿನ್, ಪಾಸ್‌ವರ್ಡ್, ಡಿಜಿಟಲ್ ಸಹಿಯ ಡಾಂಗಲ್ ಇವುಗಳನ್ನು ಕೈಗೆ ಕೊಟ್ಟು "ಇದೊಂದಿಷ್ಟು ಮಾಡಿಬಿಡು" ಎನ್ನುವ ರೂಢಿಯಿದೆ. ಕೊಡುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ, ನಂಬಿಕೆಯಿಂದಲೇ ಕೊಡುತ್ತಾರೆ. ಆದರೂ ತೆಗೆದುಕೊಳ್ಳಬೇಡಿ. ಆಸ್ತಿಗಳ ದಾಖಲೆಯಿಡುವ ಇ-ಆಸ್ತಿ ತಂತ್ರಾಂಶದಲ್ಲಿ ಖಾತೆಯೊಂದು ಅನುಮೋದನೆಯಾದರೆ ಅದರ ಹಿಂದೆ ಲಕ್ಷಾಂತರ ರೂಪಾಯಿಯ ಆಸ್ತಿಯಿರುತ್ತದೆ, ಮತ್ತು ಶಿಶಿಕ್ಷುವಿಗೆ ನೌಕರರಿಗಿರುವ ಹೊಣೆಯೂ ಇಲ್ಲ, ರಕ್ಷಣೆಯೂ ಇಲ್ಲ. "ಸರ್, ಕರಡು ಸಿದ್ಧಮಾಡಿ ಇಡ್ತೀನಿ, ತಾವು ನೋಡಿ ಅಪ್ರೂವ್ ಮಾಡಿ" ಎಂದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ, ಪಟ್ಟುಕೊಂಡರೂ ಅಡ್ಡಿಯಿಲ್ಲ.

ಸೇರಬೇಕೆಂದಿರುವವರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ. ತರಬೇತಿಯ ಕರಾರು ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯ ಪೋರ್ಟಲಿನಲ್ಲಿ ನೋಂದಣಿಯಾಗಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ; ನೋಂದಣಿಯಿಲ್ಲದೆ ಮಾಡಿದ ಕೆಲಸಕ್ಕೆ ಕೊನೆಯಲ್ಲಿ ಪ್ರಾವೀಣ್ಯ ಪ್ರಮಾಣಪತ್ರ ಸಿಗುವುದಿಲ್ಲ. ನಮ್ಮ ರಾಜ್ಯಕ್ಕೆ ಅದನ್ನು ಕೊಡುವುದು ಚೆನ್ನೈನಲ್ಲಿರುವ ದಕ್ಷಿಣ ವಲಯದ ಶಿಶಿಕ್ಷು ತರಬೇತಿ ಮಂಡಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿ, ಕೇಂದ್ರದ ಪಾಲು ನೇರವಾಗಿ ಅಲ್ಲಿಗೇ ಬರುತ್ತದೆ. ಒಂದು ವರ್ಷದ ಅವಧಿ ಹೆಚ್ಚೆನಿಸಿದರೆ 2020ರ ಜೂನ್‌ನಲ್ಲಿ ಆರಂಭವಾದ ಟ್ಯುಲಿಪ್ ಯೋಜನೆಯನ್ನು ನೋಡಬಹುದು. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಎಂಟು ವಾರಗಳಿಂದ ಒಂದು ವರ್ಷದವರೆಗಿನ ಇಂಟರ್ನ್‌ಶಿಪ್‌ಗಾಗಿ ರೂಪಿಸಿದ ಯೋಜನೆ ಅದು. ಸೇರಿದ ಮೇಲೆ ಎಲ್ಲ ಶಾಖೆಗಳಲ್ಲಿಯೂ ಸರದಿಯಂತೆ ಕೂರಿಸುವಂತೆ ಬರಹದಲ್ಲಿಯೇ ಕೋರಿಕೊಳ್ಳಿ, ಬಾಯಿಮಾತಿನ ಕೋರಿಕೆ ಮರೆತುಹೋಗುತ್ತದೆ. ನಾನು ಕೊಟ್ಟ ಅರ್ಜಿಗೆ ಆವಕ ಸಂಖ್ಯೆ ಬಿದ್ದು, ಟಿಪ್ಪಣಿಯೂ ಮಂಡನೆಯಾಗಿ, ಮುಂದಿನ ತಿಂಗಳಿನಿಂದ ಲೆಕ್ಕಪತ್ರ ಶಾಖೆಗೆ ಹೋಗಲು ಮುಖ್ಯಾಧಿಕಾರಿಗಳ ಆದೇಶವಾಗಿದೆ. ಕರ್ನಾಟಕ ಪೌರಸಭೆಗಳ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಜೋಡಿ ನಮೂದು (ಡಬಲ್ ಎಂಟ್ರಿ) ಪದ್ಧತಿಯನ್ನು ಅಲ್ಲಿ ಹೇಗೆ ಪಾಲಿಸುತ್ತಾರೆಂಬುದನ್ನು ನೋಡುವ ಕುತೂಹಲ ಬಿ.ಕಾಂ. ಓದಿದ ನನಗೆ ಬಹಳವಾಗಿದೆ.